ಬಲಗಣ್ಣಿಗೆ ಬೆಳ್ಳಿ, ಎಡಗಣ್ಣಿಗೆ ಹಿತ್ತಾಳೆ

ಅಷ್ಟಮಿಗೆ ಉಡುಪಿಗೆ ಹೋಗಿ ಬಂದು ಎಂಟು ದಿನವಾಯಿತು. ಕೃಷ್ಣನನ್ನು ನೋಡುವ ಆ ಒಂಬತ್ತು ತೂತಿನ ನವಗ್ರಹ ಕಿಂಡಿ ಇನ್ನೂ ಕಣ್ಣ ಮುಂದಿನಿಂದ ಸರಿದಿಲ್ಲ. ಬರೆದಾದರೂ ಹಗುರಾಗೋಣ ಅಂತ ಕೂತಿದ್ದೇನೆ.

ಈ ಸಲ ಹೋಗುವಾಗ ನನ್ನ ಎರಡು ಕಣ್ಣು ಒಂದೇ ಥರ ಇರಲಿಲ್ಲ. ಬಲಗಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಗಿತ್ತು. ಎಡಗಣ್ಣಿನದು ಇನ್ನೂ ಬಾಕಿ. ವಯಸ್ಸಾದ ಹಾಗೆ ಕಣ್ಣೊಳಗಿನ ಮಸೂರ ಹಳದಿಗಟ್ಟುತ್ತದೆ, ಅದನ್ನು ತೆಗೆದು ಹೊಸದು ಹಾಕಿದರೆ ಬಣ್ಣ ತಿಳಿಯಾಗಿ ಕಾಣುತ್ತದೆ ಅಂತ ಡಾಕ್ಟರು ಹೇಳಿದ್ದರು. ಹೂಂ ಅಂದಿದ್ದೆ. ಮನೆಯಲ್ಲಿ ಗೋಡೆ ನೋಡಿ, ಒಗೆದ ಪಂಚೆ ನೋಡಿ, ಹೌದಲ್ಲ, ಸ್ವಲ್ಪ ಬೆಳ್ಳಗಿದೆ ಅಂದುಕೊಂಡು ಸುಮ್ಮನಾಗಿದ್ದೆ.

ಕಿಂಡಿಯ ಮುಂದೆ ಬಗ್ಗಿದಾಗ ಏನನ್ನಿಸಿತೋ, ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದೆ. ಕಿಂಡಿಯ ಬೆಳ್ಳಿ ಫಳಫಳ ಅನ್ನುತ್ತಿತ್ತು. ಒಳಗೆ ದೀಪದ ಬೆಳಕಲ್ಲಿ ಕೃಷ್ಣ. ಕೊರಳಿನ ಮಲ್ಲಿಗೆ ಆಗಷ್ಟೇ ಬಿರಿದ ಹಾಗಿತ್ತು. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದೆ. ಬೆಳ್ಳಿ ಹೋಗಿ ಹಿತ್ತಾಳೆಯಾಯಿತು. ಮಲ್ಲಿಗೆ ನಿನ್ನೆಯದಾಯಿತು. ಕೃಷ್ಣ ಜೇನುತುಪ್ಪದೊಳಗೆ ನಿಂತ ಹಾಗೆ ಕಂಡ.

ಮತ್ತೆ ಬಲಗಣ್ಣು. ಮತ್ತೆ ಎಡಗಣ್ಣು. ಹಿಂದಿದ್ದವರು "ಮುಂದೆ ಹೋಗೀಮ್ಮಾ" ಅಂತ ಭುಜ ತಳ್ಳಿದರು. ಹೋದೆ. ಆದರೆ ಕಾಲು ನಡುಗುತ್ತಿತ್ತು. ಎಷ್ಟು ವರ್ಷ ನಾನು ಆ ಹಿತ್ತಾಳೆಯನ್ನೇ ಬೆಳ್ಳಿ ಅಂತ ನೋಡಿ ಕೈಮುಗಿದಿದ್ದೇನೆ? ಹಳದಿ ಹಾಲಿನ ಅಭಿಷೇಕ ನೋಡಿ "ಆಹಾ, ಎಷ್ಟು ಬಿಳಿ" ಅಂದಿದ್ದೇನೆ? ಒಂದು ದಿನವೂ ಅನುಮಾನ ಬರಲಿಲ್ಲ. ಇವತ್ತು ಬಲಗಣ್ಣು ತೋರಿಸುತ್ತಿರುವುದಾದರೂ ನಿಜವೇ? ಇದಕ್ಕೂ ಒಂದು ಪೊರೆ ಇರಬಾರದು ಅಂತ ಏನಿದೆ?

ಮಧ್ವಸರೋವರದ ಹತ್ತಿರ ಹೋಗಿ ಕೂತೆ. ಕೂತ ತಕ್ಷಣ ಅಜ್ಜಿಯ ನೆನಪು.

ಅಜ್ಜಿಗೆ ಕೊನೆಯ ಹತ್ತು ವರ್ಷ ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಅಂದರೆ ಹೆದರಿ ಮಾಡಿಸಿಕೊಳ್ಳಲೇ ಇಲ್ಲ. ಬೆಳಕು ಯಾವುದು, ಕತ್ತಲೆ ಯಾವುದು ಅಂತ ಮಾತ್ರ ಗೊತ್ತಾಗುತ್ತಿತ್ತು. ಆದರೂ ಪ್ರತಿ ವರ್ಷ ಅಷ್ಟಮಿಗೆ ಉಡುಪಿಗೆ ಬರಲೇಬೇಕು. ನನ್ನ ಭುಜ ಹಿಡಿದುಕೊಂಡು ರಥಬೀದಿಯಲ್ಲಿ ನಡೆಯುತ್ತಿದ್ದಳು. ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಆಮೇಲೆ ಕೃಷ್ಣ. ಕ್ರಮ ತಪ್ಪುವ ಹಾಗಿಲ್ಲ. ಕಿಂಡಿಯ ಹತ್ತಿರ ನಾನು ನೋಡಿ ಹೇಳಬೇಕು, ಅವಳು ಕೇಳಿ ಕೈಮುಗಿಯಬೇಕು. "ಏನೇ, ಇವತ್ತು ಏನು ಅಲಂಕಾರ?" ಅಂತ ಕೇಳುತ್ತಿದ್ದಳು.

ಒಂದು ವರ್ಷ ಜನ ಎಷ್ಟಿದ್ದರು ಅಂದರೆ, ನನ್ನನ್ನು ಕಿಂಡಿಯಿಂದ ಆಚೆಗೆ ತಳ್ಳಿಯೇಬಿಟ್ಟರು. ನನಗೆ ಒಂಬತ್ತು ವರ್ಷ. ಯಾರದೋ ಸೀರೆ ಬಿಟ್ಟರೆ ಏನೂ ಕಾಣಲಿಲ್ಲ. ಅಜ್ಜಿ ಕೇಳಿದಳು. ನಾನು ಬಾಯಿಗೆ ಬಂದದ್ದು ಹೇಳಿದೆ. "ಬೆಣ್ಣೆ ಕೃಷ್ಣ ಅಜ್ಜಿ. ತಲೆಯಲ್ಲಿ ನವಿಲುಗರಿ. ನಗ್ತಾ ಇದಾನೆ."

ಅಜ್ಜಿ ಅಲ್ಲೇ ನಿಂತು ಅತ್ತಳು. ಊರಿಗೆ ಹೋಗಿ ಸಿಕ್ಕವರಿಗೆಲ್ಲ ಆ ಬೆಣ್ಣೆ ಕೃಷ್ಣನ ವರ್ಣನೆ. ನಾನು ಹೇಳದೇ ಇದ್ದದ್ದೂ ಸೇರಿಕೊಂಡಿತು. ತುಟಿಯ ಮೂಲೆಯಲ್ಲಿ ಬೆಣ್ಣೆ ಅಂಟಿತ್ತಂತೆ. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇಲ್ಲದ ಕೃಷ್ಣನನ್ನು ಅಜ್ಜಿಗೆ ತೋರಿಸಿದ ಪಾಪ ಅಂತ ಹೆದರಿಕೆ. ಒಂದು ವಾರ ತಡೆದು ಕೊನೆಗೆ ಹೇಳಿಬಿಟ್ಟೆ. "ಅಜ್ಜಿ, ನಾನು ಏನೂ ನೋಡಲಿಲ್ಲ. ಸುಳ್ಳು ಹೇಳಿದೆ."

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು. "ಕಡೆಗೋಲು ಇತ್ತಲ್ಲ?"

"ಅದು ಯಾವಾಗ್ಲೂ ಇರುತ್ತಲ್ಲ ಅಜ್ಜಿ."

"ಹಗ್ಗ?"

"ಅದೂ ಇರುತ್ತೆ."

"ಹಾಗಾದ್ರೆ ಮಲಕ್ಕೋ ಹೋಗು."

ಅಷ್ಟೇ. ಬೈಯಲಿಲ್ಲ, ಸಮಾಧಾನವೂ ಮಾಡಲಿಲ್ಲ. ಆ ಮಾತು ಯಾಕೆ ಅಂತ ನನಗೆ ಇಷ್ಟು ವರ್ಷ ಗೊತ್ತಾಗಿರಲಿಲ್ಲ.

ಬಲಗೈಯಲ್ಲಿ ಕಡೆಗೋಲು, ಎಡಗೈಯಲ್ಲಿ ಹಗ್ಗ. ಉಡುಪಿ ಕೃಷ್ಣ ಅಂದರೆ ಅದೇ ಅಲ್ವಾ. ಆ ಹಗ್ಗದ ಮೇಲೆ ನನ್ನ ಮನಸ್ಸು ಈ ಸಲ ಸಿಕ್ಕಿಹಾಕಿಕೊಂಡಿತು. ಜಗತ್ತು ನಿಜವೋ ಸುಳ್ಳೋ ಅನ್ನುವ ಚರ್ಚೆ ಎದ್ದ ಕಡೆಯೆಲ್ಲ ಒಂದು ಹಗ್ಗ ಬರುತ್ತದೆ. ಮಬ್ಬುಗತ್ತಲೆಯಲ್ಲಿ ಹಗ್ಗ ಹಾವಾಗಿ ಕಾಣುತ್ತದೆ. ದೀಪ ತಂದರೆ ಹಾವಿಲ್ಲ. ಈ ಜಗತ್ತೂ ಹಾಗೆಯೇ ಅಂತ ಅದ್ವೈತಿಗಳು ಹೇಳುತ್ತಾರೆ. ಹಾವು ಕಂಡದ್ದು ತಪ್ಪು ಅಂತ ತಿಳಿಯಬೇಕಾದರೂ ಎಲ್ಲೋ ನಿಜವಾದ ಹಾವು ನೋಡಿರಬೇಕಲ್ಲ, ಕೆಳಗೆ ನಿಜವಾದ ಹಗ್ಗ ಬಿದ್ದಿರಬೇಕಲ್ಲ ಅಂತ ಮಧ್ವರ ಕಡೆಯವರು ತಿರುಗಿ ಕೇಳುತ್ತಾರೆ. ಏನೂ ಇಲ್ಲದ ಕಡೆ ಭ್ರಮೆಯೂ ಹುಟ್ಟುವುದಿಲ್ಲ. ಪಂಡಿತರು ನೂರಾರು ವರ್ಷ ಆ ಹಗ್ಗ ಹಿಡಿದು ಎಳೆದಾಡಿದ್ದಾರೆ. ಇಲ್ಲಿ ನೋಡಿದರೆ ಈ ಪುಟ್ಟ ಹುಡುಗ ಹಗ್ಗವನ್ನು ತಾನೇ ಕೈಯಲ್ಲಿ ಹಿಡಿದು ನಿಂತಿದ್ದಾನೆ. ನನಗೆ ನಗು ಬಂತು. ಪಕ್ಕದಲ್ಲಿ ಕೂತಿದ್ದವರು ತಿರುಗಿ ನೋಡಿದರು.

13ನೇ ಶತಮಾನದಲ್ಲಿ ಇದೇ ಊರಲ್ಲಿ ಕೂತು ಮಧ್ವಾಚಾರ್ಯರು ಜಗತ್ತು ಸತ್ಯ ಅಂದರು. ಕಣ್ಣು ಕಿವಿ ಯಾವಾಗಲೂ ಸರಿ ಅಂತ ಅವರು ಹೇಳಲಿಲ್ಲ. ದೋಷವಿಲ್ಲದ ಇಂದ್ರಿಯ ದೋಷವಿಲ್ಲದ ವಸ್ತುವನ್ನು ಮುಟ್ಟಿದರೆ ಮಾತ್ರ ಅದು ಪ್ರತ್ಯಕ್ಷ. ಇಂದ್ರಿಯ ತಂದುಕೊಟ್ಟದ್ದು ಸರಿಯೋ ತಪ್ಪೋ ಅಂತ ನೋಡುವ ಸಾಕ್ಷಿ ಒಳಗೆ ಬೇರೆ ಇದ್ದಾನೆ. ಇದನ್ನು ಪ್ರವಚನದಲ್ಲಿ ಎಷ್ಟೋ ಸಲ ಕೇಳಿದ್ದೆ, ತೂಕಡಿಸುತ್ತಾ. ಪೊರೆ ತೆಗೆಸಿದ ಮೇಲೆ ಎಚ್ಚರವಾಯಿತು. ಹಿತ್ತಾಳೆ ಬಣ್ಣ ನನ್ನ ಕಣ್ಣಿನದು. ಬೆಳ್ಳಿ ಮೊದಲೂ ಬೆಳ್ಳಿಯೇ. ಎರಡು ಕಣ್ಣನ್ನು ಅಕ್ಕಪಕ್ಕ ಇಟ್ಟು ತೂಗಿದ್ದು ಯಾರು? ಬಲಗಣ್ಣಂತೂ ಅಲ್ಲ, ಎಡಗಣ್ಣೂ ಅಲ್ಲ.

ಅದ್ವೈತದ ಆಚಾರ್ಯ ಶಂಕರರ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ಕಡೆ ಅವರನ್ನು ಸುಲಭವಾಗಿ "ಜಗತ್ತೇ ಇಲ್ಲ ಅಂದವರು" ಅಂತ ಹೇಳಿ ಮುಗಿಸಿಬಿಡುತ್ತಾರೆ. ಅದು ನ್ಯಾಯವಲ್ಲ. ಹೊರಗಿನ ವಸ್ತು ಇಲ್ಲವೇ ಇಲ್ಲ, ಎಲ್ಲ ಮನಸ್ಸಿನ ಆಟ ಅನ್ನುವವರನ್ನು ಅವರು ಬ್ರಹ್ಮಸೂತ್ರ ಭಾಷ್ಯದಲ್ಲಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದಾರೆ. ಉಣ್ಣುತ್ತಾ, ಹೊಟ್ಟೆ ತುಂಬಿಸಿಕೊಳ್ಳುತ್ತಾ ಇರುವವನೇ "ನಾನು ಉಣ್ಣುತ್ತಿಲ್ಲ, ನನಗೆ ತೃಪ್ತಿಯೂ ಆಗುತ್ತಿಲ್ಲ" ಅಂದರೆ ಯಾರು ಒಪ್ಪುತ್ತಾರೆ ಅಂತ ಕೇಳುತ್ತಾರೆ. ವ್ಯವಹಾರಕ್ಕೆ ಜಗತ್ತು ಇದೆ, ಬ್ರಹ್ಮಜ್ಞಾನ ಆಗುವವರೆಗೆ ಅದು ಕರಗುವುದಿಲ್ಲ ಅನ್ನುವುದು ಅವರ ಮಾತು. ನಾನು ಮಧ್ವರ ಕಡೆಯವಳು. ಆದರೂ ಆ ಉಣ್ಣುವವನ ಉಪಮೆ ನನಗೆ ಬಹಳ ಇಷ್ಟ.

ನನಗೆ ಸಿಟ್ಟು ಬರುವುದು ಬೇರೆಯವರ ಮೇಲೆ. ಇವರು ಅದ್ವೈತವನ್ನೂ ಓದಿಲ್ಲ, ದ್ವೈತವನ್ನೂ ಓದಿಲ್ಲ. "ಎಲ್ಲಾ ಮಾಯೆ ಬಿಡಿ" ಅಂತ ಒಂದು ಮಾತು ಕಲಿತಿರುತ್ತಾರೆ. ವಯಸ್ಸಾದ ತಾಯಿಯ ಔಷಧಿ ತರುವುದು ಮಾಯೆ. ಕೊಟ್ಟ ಮಾತು ಮಾಯೆ. ದರ್ಶನದ ಸಾಲಲ್ಲಿ ಮುಂದೆ ನುಗ್ಗುವಾಗ ಮಾತ್ರ ಎಲ್ಲ ನಿಜ! ಗೀತೆಯ 16ನೇ ಅಧ್ಯಾಯದಲ್ಲಿ ಕೃಷ್ಣ ಅಸುರ ಸ್ವಭಾವದವರ ಲಕ್ಷಣ ಹೇಳುತ್ತಾನೆ. "ಅಸತ್ಯಮಪ್ರತಿಷ್ಠಂ ತೇ ಜಗದಾಹುರನೀಶ್ವರಂ." ಜಗತ್ತು ಸುಳ್ಳು, ಅದಕ್ಕೆ ಆಧಾರ ಇಲ್ಲ, ಒಡೆಯ ಇಲ್ಲ ಅನ್ನುವವರು ಅವರು. ಅಷ್ಟಮಿಯ ದಿನ ನಡುರಾತ್ರಿಯವರೆಗೆ ನೀರು ಕೂಡ ಮುಟ್ಟದೆ ಕೂರುತ್ತಿದ್ದ ಅಜ್ಜಿಗೆ ಹಸಿವು ಮಾಯೆ ಆಗಿರಲಿಲ್ಲ. ನಿಜವಾದ ಹಸಿವನ್ನು ನಿಜವಾದ ದೇವರಿಗೆ ಒಪ್ಪಿಸುತ್ತಿದ್ದಳು. ಈಗ ಮನೆಗಳಲ್ಲಿ ಅರ್ಘ್ಯ ಸಂಜೆಯೇ ಮುಗಿದುಹೋಗುತ್ತದೆ. ಬೆಳಿಗ್ಗೆ ಆಫೀಸು ಇದೆಯಂತೆ. ಚಂದ್ರ ಹುಟ್ಟುವುದಕ್ಕೆ ಮುಂಚೆ ಯಾರಿಗೆ ಅರ್ಘ್ಯ ಕೊಡುತ್ತಾರೋ, ಆ ಕೃಷ್ಣನೇ ಹೇಳಬೇಕು.

ಸರೋವರದಿಂದ ಎದ್ದು ಕನಕನ ಕಿಂಡಿಯ ಕಡೆಗೆ ಬಂದೆ. ಹೊರಗೆ ನಿಂತ ಕನಕದಾಸರಿಗೂ ಇದೇ ಪ್ರಶ್ನೆ. ಮಾಯೆಯೊಳಗೆ ನೀನೋ, ನಿನ್ನೊಳಗೆ ಮಾಯೆಯೋ ಅಂತ ಕೇಳುವ ಅವರ ಪದ ಎಲ್ಲರಿಗೂ ಗೊತ್ತು. ಅದರಲ್ಲಿ ಕಣ್ಣು ಬರುತ್ತದೆ, ನಾಲಿಗೆ ಬರುತ್ತದೆ, ಮೂಗು ಬರುತ್ತದೆ. ಒಂದೊಂದು ಇಂದ್ರಿಯವನ್ನೂ ಹಿಡಿದು ವಿಚಾರಿಸಿ, ಕೊನೆಗೆ ಹೇಳಲು ನನ್ನಿಂದಾಗದು ಅಂತ ಕೈಚೆಲ್ಲುತ್ತಾರೆ. ಕೈಚೆಲ್ಲಿದ್ದು ಅವನ ಮಡಿಲಿಗೇ.

ಯಶೋದೆಯೂ ಅಷ್ಟೇ ತಾನೇ. ಮಣ್ಣು ತಿಂದ ಮಗನ ಬಾಯಿ ತೆರೆಸಿದರೆ ಬೆಟ್ಟ, ಸಮುದ್ರ, ನಕ್ಷತ್ರ, ಗೋಕುಲ, ಅಲ್ಲಿ ನಿಂತ ತಾನು. ಭಾಗವತದ 10ನೇ ಸ್ಕಂಧದ 8ನೇ ಅಧ್ಯಾಯ. ಇದು ಕನಸೋ, ದೇವರ ಮಾಯೆಯೋ, ನನ್ನ ಬುದ್ಧಿಗೇ ಭ್ರಮೆಯೋ ಅಂತ ಕೇಳಿಕೊಳ್ಳುತ್ತಾಳೆ. ನಾವು ಕೇಳುವ ಅಷ್ಟೂ ಪ್ರಶ್ನೆಯನ್ನು ಆ ಗೊಲ್ಲತಿ ಒಂದೇ ಉಸಿರಿನಲ್ಲಿ ಕೇಳಿಬಿಟ್ಟಿದ್ದಾಳೆ. ಮರುಗಳಿಗೆ ಎಲ್ಲ ಮರೆತು ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾಳೆ. ಮರೆಸಿದವನು ಅವನೇ. ಜಗತ್ತೆಲ್ಲ ಕಂಡ ಕಣ್ಣಿಗೆ ಮಗನ ಮೂತಿಗೆ ಅಂಟಿದ ಮಣ್ಣು ಒರೆಸುವ ಕೆಲಸ ಬಾಕಿ ಇತ್ತು.

ನಡುರಾತ್ರಿ ಅರ್ಘ್ಯದ ಹೊತ್ತಿಗೆ ಮೋಡ ಸರಿದು ಚಂದ್ರ ಕಂಡ. ತೆಂಗಿನ ಮರದ ಹಿಂದೆ, ತಟ್ಟೆಯಷ್ಟು ದೊಡ್ಡದು. ಸ್ವಲ್ಪ ಹೊತ್ತಾದ ಮೇಲೆ ಮೇಲೇರಿ ಚಿಕ್ಕದಾದ. ಅವನು ಚಿಕ್ಕದಾಗಲಿಲ್ಲ ಅಂತ ಗೊತ್ತು. ಕೈಚಾಚಿ ಕಿರುಬೆರಳು ಅಡ್ಡ ಹಿಡಿದರೆ ಎರಡು ಸಲವೂ ಪೂರ್ತಿ ಮುಚ್ಚುತ್ತಾನೆ. ಹಿಡಿದು ನೋಡಿದೆ, ಮುಚ್ಚಿದ. ಕಣ್ಣು ಮಾತ್ರ ಒಪ್ಪಲಿಲ್ಲ, ದೊಡ್ಡದಿತ್ತು ಅಂತಲೇ ಹಟ. ಬಲಗಣ್ಣಿಗೆ ಬಿಳಿ ಚಂದ್ರ, ಎಡಗಣ್ಣಿಗೆ ಹಳದಿ ಚಂದ್ರ. ಎರಡಕ್ಕೂ ಸೇರಿಸಿ ಒಂದೇ ಅರ್ಘ್ಯ ಬಿಟ್ಟೆ.

ಮುಂದಿನ ತಿಂಗಳು ಎಡಗಣ್ಣಿನ ಆಪರೇಷನ್. ಅದಾದ ಮೇಲೆ ಹಿತ್ತಾಳೆ ಬಣ್ಣದ ಕೃಷ್ಣ ನನಗೆ ಮತ್ತೆ ಕಾಣುವುದಿಲ್ಲ. ಅಜ್ಜಿಗೆ ಪೂರ್ತಿ ಕತ್ತಲಾಗುವ ಮುಂಚೆ ಕೊನೆಯದಾಗಿ ಕಂಡಿದ್ದು ಅವನೇ ಇರಬೇಕು. ಅದಕ್ಕೇ ಆ ತಾರೀಖಿಗೆ ಮುಂಚೆ ಇನ್ನೊಂದು ಸಲ ಉಡುಪಿಗೆ ಹೋಗಬೇಕು ಅಂತಿದ್ದೇನೆ. ಅಷ್ಟಮಿಯ ನೂಕುನುಗ್ಗಲು ಇರುವುದಿಲ್ಲ, ಯಾರೂ ತಳ್ಳುವುದಿಲ್ಲ. ಬಲಗಣ್ಣನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡು, ಕಡೆಗೋಲು ಇದೆಯಾ, ಹಗ್ಗ ಇದೆಯಾ ಅಂತ ನೋಡಿಕೊಂಡು ಬರುತ್ತೇನೆ.