ಫಲಿತಾಂಶಕ್ಕೆ ಕಾದಿರುವ ಮಾಂಸ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಈಗ ಜಿಂಕೆ ಬೇಟೆಯ ಕಾಲ. ಇಂದು ಮುಂಜಾನೆ ನೆರೆಮನೆಯ ಹಿರಿಯರು ತಾವು ಬೇಟೆಯಾಡಿದ ಜಿಂಕೆಯ ತಲೆಯನ್ನು, ಕುತ್ತಿಗೆಯ ಐದಾರು ಅಂಗುಲ ಉಳಿಸಿ ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬೇಟೆಯ ಸ್ಥಳ ಬರೆದ ಚೀಟಿಯೊಂದಿಗೆ ತಪಾಸಣೆಯ ಪೆಟ್ಟಿಗೆಯೊಳಗೆ ಇಳಿಸುವಾಗ ನಾನೂ ಜೊತೆಗಿದ್ದೆ. ಗಂಟಲಿನ ಹಿಂಭಾಗದ ದುಗ್ಧಗ್ರಂಥಿಗಳಲ್ಲಿ ಪ್ರಿಯಾನ್ ಎಂಬ ವಿಕೃತ ಪ್ರೋಟೀನ್ ಇದೆಯೇ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ.

ಈ ಪ್ರೋಟೀನ್‌ನಿಂದ ಜಿಂಕೆಗಳ ಮಿದುಳು ಹಾಳಾಗುವ, ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ರೋಗ 1967ರಲ್ಲಿ ಕೊಲರಾಡೊದಲ್ಲಿ ಮೊದಲು ಗಮನಕ್ಕೆ ಬಂದಿತು. ವಿಸ್ಕಾನ್ಸಿನ್‌ನಲ್ಲಿ ಪತ್ತೆಯಾದದ್ದು 2002ರಲ್ಲಿ. ಇದಕ್ಕೆ ಮದ್ದಿಲ್ಲ. ಸೋಂಕು ತಗುಲಿದ ಜಿಂಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮೈದುಂಬಿಕೊಂಡೇ ಓಡಾಡುತ್ತ, ಜೊಲ್ಲು, ಮೂತ್ರ, ಹಿಕ್ಕೆಗಳ ಮೂಲಕ ರೋಗವನ್ನು ಹರಡುತ್ತಿರುತ್ತದೆ ಮತ್ತು ಆ ಪ್ರಿಯಾನ್‌ಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ ಎಂಬುದೇ ನನ್ನನ್ನು ಹೆಚ್ಚು ಕಳವಳಗೊಳಿಸುವ ಸಂಗತಿ. ನೋಡಿ ಹೇಳಲಾಗದ ರೋಗವನ್ನು ಹೀಗೆ ಒಂದೊಂದೇ ತಲೆಯಿಂದ ಅಳೆಯಬೇಕಾಗಿದೆ.

ಮನುಷ್ಯರಿಗೆ ಇದು ತಗುಲಿದ್ದು ದೃಢಪಟ್ಟಿಲ್ಲವಾದರೂ, ಸೋಂಕಿತ ಜಿಂಕೆಯ ಮಾಂಸವನ್ನು ತಿನ್ನಬಾರದೆಂಬುದು ಆರೋಗ್ಯ ಇಲಾಖೆಯ ಸಲಹೆ. ನೆರೆಮನೆಯ ಹಿರಿಯರ ಫ್ರೀಜರ್‌ನ ಕೆಳಗಿನ ಅರೆಯಲ್ಲಿ, ದಿನಾಂಕ ಬರೆದ ಪೊಟ್ಟಣಗಳು ಸದ್ಯ ಬೇರೆಯಾಗಿಯೇ ಇವೆ.