ಸಾನ್ ಜೆನ್ನಾರೊ ಹಬ್ಬಕ್ಕೆ ನೇಪಲ್ಸ್‌ಗೆ ಹೋಗುವವರಿಗೆ

ನಾನು ಮಾಡಿದ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಸೆಪ್ಟೆಂಬರ್ 19, ಇಟಲಿಯ ನೇಪಲ್ಸ್ ಊರನ್ನು ಕಾಯುವ ಸಂತ ಜೆನ್ನಾರೊನ ಹಬ್ಬ. ಸೀಸೆಯಲ್ಲಿ ಕಾಪಿಟ್ಟ ಅವನ ಒಣಗಿದ ರಕ್ತ ಅವತ್ತು ಕರಗಿ ನೀರಾಗುತ್ತದೆ ಎಂದು ನಂಬಿಕೆ. ಆರಾಮಾಗಿ ತಿಂಡಿ ಮುಗಿಸಿ ಕೆಥೆಡ್ರಲ್‌ಗೆ ಹೋದೆ. ಜಾಗ ಸಿಕ್ಕಿದ್ದು ಬಾಗಿಲ ಹತ್ತಿರ, ಒಂದು ಕಂಬದ ಹಿಂದೆ. ಮುಂದಿದ್ದವರ ಬೆನ್ನು, ಮೇಲೆತ್ತಿದ ಮೊಬೈಲುಗಳು ಬಿಟ್ಟರೆ ಏನೂ ಕಾಣಲಿಲ್ಲ. ಇದ್ದಕ್ಕಿದ್ದಂತೆ ಚಪ್ಪಾಳೆ. ದೂರದಲ್ಲಿ ಯಾರೋ ಬಿಳಿ ಕರವಸ್ತ್ರ ಬೀಸಿದರು. ರಕ್ತ ಕರಗಿದೆ ಎನ್ನುವುದಕ್ಕೆ ಅದೇ ಗುರುತು. ನಾನು ಕಂಡ ಪವಾಡ ಅಷ್ಟೇ!

ಹಾಗಾಗಿ ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲಿ. ಮೆಟ್ರೊ ಎರಡನೇ ಲೈನಿನ ಕವೂರ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ನೀರು ಒಯ್ಯಿರಿ, ದೊಡ್ಡ ಬ್ಯಾಗ್ ಬೇಡ.

ಕಥೆ ಗೊತ್ತಿದ್ದರೆ ಕಾಯುವುದು ಸುಲಭ. ಜೆನ್ನಾರೊ ಬೆನೆವೆಂಟೊ ಊರಿನ ಬಿಷಪ್. ಕ್ರೈಸ್ತನೆಂದು ರೋಮನ್ ಆಡಳಿತದವರು ಅವನನ್ನು ಬೆಂಕಿಯ ಕುಲುಮೆಗೆ ಹಾಕಿದರೂ ಸುಡಲಿಲ್ಲ, ಮೃಗಗಳ ಮುಂದೆ ಬಿಟ್ಟರೆ ಅವೂ ಮುಟ್ಟಲಿಲ್ಲ ಎನ್ನುತ್ತಾರೆ. ಕೊನೆಗೆ 305ರಲ್ಲಿ ನೇಪಲ್ಸ್ ಹತ್ತಿರದ ಪೊಝುವೊಲಿ ಊರಿನಲ್ಲಿ ತಲೆ ಕಡಿದರು. ಯೂಸೇಬಿಯಾ ಎಂಬ ಹೆಂಗಸು ಆಗ ರಕ್ತವನ್ನು ತೆಗೆದಿಟ್ಟಳಂತೆ. ಅದು ಕರಗಿತು ಎಂದು ಮೊದಲು ಬರೆದಿಟ್ಟ ದಾಖಲೆ ಮಾತ್ರ 1389ರದ್ದು. ಚರ್ಚ್ ಇದನ್ನು ಅಧಿಕೃತವಾಗಿ ಪವಾಡ ಎಂದು ಘೋಷಿಸಿಲ್ಲ. ಅಲುಗಾಡಿಸಿದಾಗ ನೀರಾಗುವ ಜೆಲ್ ಇರಬಹುದು ಎಂದು 1991ರಲ್ಲಿ ಇಟಲಿಯ ರಸಾಯನ ವಿಜ್ಞಾನಿಗಳೇ ಹೇಳಿದ್ದರು. ಆದರೆ ಊರಿನವರಿಗೆ ಅದೆಲ್ಲ ಬೇಕಿಲ್ಲ. 1980ರ ಸೆಪ್ಟೆಂಬರ್‌ನಲ್ಲಿ ಕರಗಲಿಲ್ಲ, ನವೆಂಬರ್‌ನಲ್ಲಿ ಭೂಕಂಪ ಆಯ್ತಲ್ಲ ಎನ್ನುತ್ತಾರೆ.

ಸಾಧ್ಯವಾದರೆ ಮುಂದಿನ ಸಾಲಿನ ಅಜ್ಜಿಯರ ಹತ್ತಿರ ಜಾಗ ಹಿಡಿಯಿರಿ. ಇವರನ್ನು ಸಂತನ 'ಸಂಬಂಧಿಕರು' ಎಂದೇ ಕರೆಯುತ್ತಾರೆ. ರಕ್ತ ಕರಗುವುದು ತಡವಾದರೆ ಅಜ್ಜಿಯರ ಪ್ರಾರ್ಥನೆ ಜೋರಾಗುತ್ತದೆ, ಆಮೇಲೆ ಬೈಗುಳವೇ ಶುರು. 'ಹಳದಿ ಮುಖದವನೇ' ಎಂದು ಸಂತನನ್ನೇ ಗದರುತ್ತಾರೆ. ಅವನ ಬೆಳ್ಳಿ ಮೂರ್ತಿಗೆ ಚಿನ್ನದ ಲೇಪ ಇದೆಯಲ್ಲ, ಅದಕ್ಕೆ. ನಮ್ಮ ದಾಸರ ನಿಂದಾಸ್ತುತಿ ಕೇಳಿ ಬೆಳೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಈ ಊರು ಸಂತನ ಜೊತೆ ಕರಾರುಪತ್ರವನ್ನೇ ಮಾಡಿಕೊಂಡಿದೆ ಗೊತ್ತಾ? 1527ರಲ್ಲಿ ಪ್ಲೇಗ್ ಬಂದಾಗ, ನಮ್ಮನ್ನು ಕಾಪಾಡು, ನಿನಗೊಂದು ಚಾಪೆಲ್ (ಚಿಕ್ಕ ಪ್ರಾರ್ಥನಾ ಮಂದಿರ) ಕಟ್ಟಿಸುತ್ತೇವೆ ಎಂದು ನೋಟರಿ ಮುಂದೆ ಬರೆದುಕೊಟ್ಟರು. ಸತ್ತು ಸಾವಿರದ ಇನ್ನೂರು ವರ್ಷ ಆದವನ ಜೊತೆ! ಕೆಥೆಡ್ರಲ್ ಒಳಗೇ ಬಲಗಡೆ ಇರುವ ಆ ಚಾಪೆಲ್ ಈಗಲೂ ಚರ್ಚಿನದ್ದಲ್ಲ, ಊರಿನದ್ದು.

ಮೊದಲ ದಿನ ಏನೂ ಕಾಣದಿದ್ದರೆ ಬೇಜಾರು ಬೇಡ. ಹಬ್ಬದ ನಂತರ ಎಂಟು ದಿನ ರಕ್ತದ ಸೀಸೆಯನ್ನು ಎಲ್ಲರೂ ನೋಡುವಂತೆ ಇಟ್ಟಿರುತ್ತಾರೆ. ನಾನು ಮರುದಿನ ಹೋದೆ, ಕ್ಯೂ ಚಿಕ್ಕದಿತ್ತು. ಎರಡು ಗಾಜಿನ ನಡುವೆ ಎರಡು ಸೀಸೆ, ದೊಡ್ಡದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪುಗೆಂಪು ದ್ರವ. ಪಾದ್ರಿ ಓರೆ ಮಾಡಿದಾಗ ಅದು ಬೆಲ್ಲದ ಪಾಕದಂತೆ ಒಂದು ಕ್ಷಣ ತಡೆದು ಜಾರಿತು. ನನ್ನ ಮುಂದಿದ್ದ ಅಜ್ಜಿ ಗಾಜಿಗೆ ಹಣೆ ತಾಗಿಸಿ, ಮನೆಯ ಹುಡುಗನಿಗೆ ಹೇಳುವ ಹಾಗೆ ಏನೋ ಪಿಸುಗುಟ್ಟಿದರು.

ಸೆಪ್ಟೆಂಬರ್ ಆಗದಿದ್ದರೆ ರಕ್ತ ಕರಗುವುದನ್ನು ಕಾಯುವ ದಿನಗಳು ವರ್ಷದಲ್ಲಿ ಇನ್ನೆರಡು ಇವೆ. ಮೇ ತಿಂಗಳ ಮೊದಲ ಭಾನುವಾರದ ಹಿಂದಿನ ಶನಿವಾರ ಮೆರವಣಿಗೆ ಇರುತ್ತದೆ. ಡಿಸೆಂಬರ್ 16 ಇರುವುದು 1631ರ ವೆಸೂವಿಯಸ್ ಜ್ವಾಲಾಮುಖಿ ಸ್ಫೋಟದ ನೆನಪಿಗೆ.

ಕೆಥೆಡ್ರಲ್ ಪಕ್ಕದಲ್ಲಿರುವ, ಸಂತನ ಒಡವೆಗಳ ಮ್ಯೂಸಿಯಂಗೆ ಬೇರೆ ಟಿಕೆಟ್. ಮೂರು ಸಾವಿರಕ್ಕೂ ಹೆಚ್ಚು ರತ್ನ ಕೂರಿಸಿದ 1713ರ ಕಿರೀಟ ಒಂದಕ್ಕೇ ಆ ದುಡ್ಡು ಕೊಡಬಹುದು. ಪೊಝುವೊಲಿಗೂ ಅದೇ ಎರಡನೇ ಲೈನಿನ ರೈಲು ಹೋಗುತ್ತದೆ. ಮೃಗಗಳ ಕಥೆ ನಡೆದ ರೋಮನ್ ಬಯಲು ರಂಗಮಂದಿರ ಅಲ್ಲಿದೆ. ತಲೆ ಕಡಿದರು ಎನ್ನುವ ಸೊಲ್ಫತಾರಾ ಹೊಗೆಕುಳಿಯನ್ನು ಮಾತ್ರ 2017ರಲ್ಲೇ ಮುಚ್ಚಿದ್ದಾರೆ. ವಿಚಾರಿಸದೆ ಹೋಗಬೇಡಿ. ನಾನು ಸುಮ್ನೆ ಗೇಟಿನವರೆಗೆ ನಡೆದು, ಬೀಗ ನೋಡಿ ವಾಪಸ್ ಬಂದೆ.