ಸಂಪಾದನೆ ಎಷ್ಟು ಬರುತ್ತದೆ?

ಪಿಎಚ್‌ಡಿಗೆಂದು ಜರ್ಮನಿಗೆ ಬಂದ ಹೊಸತರಲ್ಲಿ ಅಮ್ಮನಿಗೆ ಫೋನಿನಲ್ಲಿ ನನ್ನ ವಿಷಯ ‘ಆರ್‌ಎನ್‌ಎ ಸಂಪಾದನೆ’ ಎಂದು ಹೇಳಿದ್ದೆ. “ಸಂಪಾದನೆ ಎಷ್ಟು ಬರುತ್ತದೆ?” ಎಂದು ಕೇಳಿದಳು. ‘ತಿದ್ದುಪಡಿ’ ಎಂದರೆ ಸಂವಿಧಾನ ನೆನಪಾಗುತ್ತದೆ. ಅಲ್ಲಿಂದ ಈಚೆಗೆ ಎಡಿಟಿಂಗ್ ಎಂದೇ ಹೇಳಿ ಜಾರಿಕೊಳ್ಳುತ್ತಿದ್ದೇನೆ.

ಇದೇ ವಿಷಯದ ಗಾರ್ಡನ್ ಸಮ್ಮೇಳನಕ್ಕೆ (ತೋಟದ್ದಲ್ಲ, ಆ ಹೆಸರಿನ ವಿಜ್ಞಾನಿಗಳ ಸಭೆ) ಇಟಲಿಯ ಬಾರ್ಗಾಕ್ಕೆ ಹೋಗಿದ್ದೆ. ಟಸ್ಕನಿಯ ಉತ್ತರಕ್ಕೆ, ಸೆರ್ಕಿಯೊ ನದಿಯ ಕಣಿವೆಯ ಮೇಲಿರುವ ಊರು. ಲುಕ್ಕಾದಲ್ಲಿ ರೈಲು ಬದಲಿಸುವ ಗಡಿಬಿಡಿಯಲ್ಲಿ ನನ್ನ ಸಂಶೋಧನೆಯ ಪೋಸ್ಟರ್ ಸುತ್ತಿಟ್ಟಿದ್ದ ಕೊಳವೆಯನ್ನು ಹಿಂದಿನ ರೈಲಿನಲ್ಲೇ ಬಿಟ್ಟು ಇಳಿದೆ. ನೆನಪಾದಾಗ ನಮ್ಮ ಬೋಗಿ ಸುರಂಗದೊಳಗಿತ್ತು.

ಹೋಟೆಲಿನ ಸ್ವಾಗತಕಾರಿಣಿ ನನ್ನ ಮುಖ ನೋಡಿಯೇ ಪ್ರಿಂಟರ್ ತೋರಿಸಿದಳು. ಎ0 ಅಳತೆಯ ಪೋಸ್ಟರ್ ಎಂದರೆ ಹದಿನಾರು ಎ4 ಹಾಳೆ. ಅವನ್ನು ಅಂಟಿಸುತ್ತ ಹನ್ನೊಂದನೆಯ ಹಾಳೆಗೆ ಬಂದಾಗ ಎದೆ ಧಸಕ್ಕೆಂದಿತು. ‘ಕಿಣ್ವ ಇರುವ ಕೋಶ’, ‘ಕಿಣ್ವ ಇಲ್ಲದ ಕೋಶ’ ಎಂಬ ಎರಡು ಹೆಸರುಗಳು ಅದಲುಬದಲಾಗಿದ್ದವು. ಆರು ತಿಂಗಳಿಂದ ದಿನವೂ ನೋಡಿದ ಚಿತ್ರ, ನನ್ನ ಮಾರ್ಗದರ್ಶಕರೂ ನೋಡಿದ್ದರು. ಪೆನ್ನಿನಿಂದ ಹೊಡೆದು ಹಾಕಿ ಮೇಲೆ ಬರೆದೆ. ಲ್ಯಾಪ್‌ಟಾಪಿನ ಮೂಲ ಕಡತ ಇವತ್ತಿಗೂ ತಪ್ಪಾಗಿಯೇ ಇದೆ. ನಮ್ಮ ವಿಜ್ಞಾನವೂ ಇಷ್ಟೇ: ಡಿಎನ್‌ಎ ಎಂಬ ಮೂಲ ಪ್ರತಿಯನ್ನು ಮುಟ್ಟದೆ, ಅದರಿಂದ ತೆಗೆದ ಆರ್‌ಎನ್‌ಎ ಪ್ರತಿಯಲ್ಲಿ ಅಕ್ಷರ ಬದಲಿಸುವುದು. ಕಳೆದುಹೋದ ಪೋಸ್ಟರ್ ಸಿಕ್ಕದಿದ್ದರೇ ಒಳ್ಳೆಯದು ಎಂದು ಆಮೇಲೆ ಅನಿಸಿತು.

ಗಾರ್ಡನ್ ಸಮ್ಮೇಳನದಲ್ಲಿ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಆದ್ದರಿಂದ ಎಂದೋ ಅಚ್ಚಾದದ್ದನ್ನಷ್ಟೇ ಇಲ್ಲಿ ಬರೆಯುತ್ತೇನೆ. ಅಲ್ಲಿನ ತಿಂಡಿಗೆ ಆ ನಿಯಮವಿಲ್ಲ. ಒಂದು ಮಧ್ಯಾಹ್ನ ಊರೊಳಗೆ ಕಬ್ಬಿಣದ ಎರಡು ತಟ್ಟೆಗಳ ನಡುವೆ ಬೇಯಿಸಿದ, ಚೆಸ್ಟ್‌ನಟ್ ಹಿಟ್ಟಿನ ತೆಳ್ಳನೆಯ ದೋಸೆ ತಿಂದೆ. ಒಳಗೆ ಸಪ್ಪೆ ರಿಕೊಟ್ಟಾ ಗಿಣ್ಣು. ಹೆಸರು ‘ನೆಚ್ಚಿ’. ಎರಡನೆಯದಕ್ಕೆ ಅದು ನೆಚ್ಚಿನ ತಿಂಡಿಯೇ ಆಯಿತು.

ಸಭಾಂಗಣ ತುಂಬುವುದು ಚಿಕಿತ್ಸೆಯ ಮಾತಿಗೆ. ಕಾರಣವೂ ಇದೆ. ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ‘ಜಿ’ ಎಂಬ ಅಕ್ಷರ ಇರಬೇಕಾದ ಕಡೆ ‘ಎ’ ಬಂದರೆ ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಯಕೃತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ, ಶ್ವಾಸಕೋಶಕ್ಕೆ ರಕ್ಷಣೆ ಸಿಗುವುದಿಲ್ಲ. ನಮ್ಮ ಜೀವಕೋಶಗಳಲ್ಲೇ ಇರುವ ಅಡಾರ್ ಕಿಣ್ವಗಳು ಅಡಿನೊಸಿನ್ ಎಂಬ ‘ಎ’ಯನ್ನು ಇನೊಸಿನ್ ಮಾಡುತ್ತವೆ, ಕೋಶ ಅದನ್ನು ‘ಜಿ’ ಎಂದು ಓದುತ್ತದೆ. ಆ ಕಿಣ್ವವನ್ನು ಬೇಕಾದ ಜಾಗಕ್ಕೆ ಕೈಹಿಡಿದು ಕರೆತರುವ ಔಷಧ ಕೊಟ್ಟಾಗ ಇಬ್ಬರು ರೋಗಿಗಳ ರಕ್ತದಲ್ಲಿ ಸರಿಯಾದ ಪ್ರೋಟೀನು ಕಾಣಿಸಿತೆಂದು ವೇವ್ ಲೈಫ್ ಸೈನ್ಸಸ್ ಕಂಪನಿ 2024ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಹಾಳು ಎಂದಿದ್ದುದನ್ನು ಹಾಲು ಮಾಡಿದ ಹಾಗೆ.

ನನಗೆ ನಿದ್ದೆಗೆಡಿಸುವುದು ಬೇರೆ. ಮಿದುಳಿನ ಕೋಶಗಳು ಸಂದೇಶ ಪಡೆಯುವ ಗ್ಲುಟಮೇಟ್ ಗ್ರಾಹಿಯೊಂದರ ಆರ್‌ಎನ್‌ಎಯಲ್ಲಿ ಒಂದು ‘ಎ’ ಹೆಚ್ಚುಕಡಿಮೆ ನೂರಕ್ಕೆ ನೂರರಷ್ಟು ಬದಲಾಗುತ್ತದೆ. ಈ ಕೆಲಸ ಮಾಡುವ ಅಡಾರ್2 ಇಲ್ಲದ ಇಲಿಮರಿಗಳು ಅಪಸ್ಮಾರದಿಂದ ಕೆಲವೇ ವಾರಗಳಲ್ಲಿ ಸಾಯುತ್ತವೆ. ಬದಲಾದ ಅಕ್ಷರವನ್ನು ಜೀನಿನಲ್ಲೇ ಬರೆದುಕೊಟ್ಟರೆ, ಕಿಣ್ವವಿಲ್ಲದೆಯೂ ಬದುಕುತ್ತವೆ ಎಂದು 2000ದಲ್ಲೇ ತೋರಿಸಿದರು. ಹಾಗಿದ್ದ ಮೇಲೆ ಪ್ರಕೃತಿ ಅದನ್ನು ಜೀನಿನಲ್ಲೇ ಬರೆದಿಟ್ಟು ಸುಮ್ಮನಿರಬಾರದೇ? ಪ್ರತಿ ಪ್ರತಿಯಲ್ಲೂ ಕೂತು ಬದಲಿಸುವ ಈ ಉಸಾಬರಿ ಏಕೆ? ಇಲ್ಲಿ ತಪ್ಪೇ ಇಲ್ಲ, ಆದರೂ ಬದಲಾವಣೆ ಬೇಕು.

ನನ್ನ ಪೋಸ್ಟರಿನ ಅಡಾರ್1 ಕೂಡ ತಪ್ಪು ಹುಡುಕುವುದಿಲ್ಲ. ನಮ್ಮದೇ ಜೋಡಿ ಎಳೆಯ ಆರ್‌ಎನ್‌ಎಗೆ ‘ಇದು ಮನೆಯದು’ ಎಂದು ಗುರುತು ಹಾಕುತ್ತದೆ. ಆ ಗುರುತಿಲ್ಲದಿದ್ದರೆ ಎಂಡಿಎ5 ಎಂಬ ಕಾವಲುಗಾರ ಅದನ್ನು ವೈರಸ್ ಎಂದುಕೊಂಡು ಕೂಗೆಬ್ಬಿಸುತ್ತಾನೆ. ಐಕಾರ್ಡಿ–ಗುತಿಯೇರ್ ಎಂಬ ಕಾಯಿಲೆಯ ಕೆಲವು ಮಕ್ಕಳಲ್ಲಿ ಆಗುವುದು ಇದೇ. ಯಾವ ಸೋಂಕೂ ಇಲ್ಲದೆ ಮಿದುಳು ಸೋಂಕು ತಗುಲಿದಂತೆ ಬೇಯುತ್ತದೆ. ಆ ಮಕ್ಕಳ ಸ್ಕ್ಯಾನ್ ಚಿತ್ರಗಳನ್ನು ನಾನು ಲೇಖನಗಳಲ್ಲಿ ಮಾತ್ರ ನೋಡಿದ್ದೇನೆ, ಹೆಚ್ಚು ಹೊತ್ತು ನೋಡಲಾಗುವುದಿಲ್ಲ.

ಕೊನೆಯ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಹಿಂದೆ ಅಣ್ಣನ ಮಗಳ ಗಲಾಟೆ ಕೇಳುತ್ತಿತ್ತು. ಏನು ಮಾಡುತ್ತಿದ್ದಾಳೆ ಎಂದೆ.

“ಸ್ಲೇಟಿನ ಮೇಲೆ ಅ ತಿದ್ದುತ್ತಿದ್ದಾಳೆ.”

ಅಡಿನೊಸಿನ್ನಿನ ಅ. ಮಗು ತಿದ್ದುವಾಗ ಯಾರೂ ತಪ್ಪು ಮಾಡಿರುವುದಿಲ್ಲ. ನಾಲ್ಕು ವರ್ಷದಿಂದ ಹುಡುಕುತ್ತಿದ್ದ ಮಾತು ಅಮ್ಮನ ಬಾಯಲ್ಲಿತ್ತು.

“ನಾವೂ ಅದನ್ನೇ ಮಾಡುವುದಮ್ಮ, ಅ ತಿದ್ದುವುದು” ಎಂದೆ.

“ಅಷ್ಟಕ್ಕೆ ಇಟಲಿಗೆ ಹೋಗಬೇಕಿತ್ತೇ?” ಎಂದು ಕೇಳಿದಳು.